ಲೇಬಲ್ಲಿಲ್ಲದ ಬಾಟಲಿ

ಬಾಯಿಮಾತನ್ನು ನಾನು ನಂಬುವುದಿಲ್ಲ, ಖಾಲಿ ಬಾಟಲಿಯನ್ನು ನಂಬುತ್ತೇನೆ. ಇಪ್ಪತ್ತು ವರ್ಷದಿಂದ ಬಿಯರ್ ಡಿಪೋದ ಹಿಂಬಾಗಿಲಲ್ಲಿ ಕೂತು, ಊರವರು ಕುಡಿದು ಬಿಸಾಡಿದ ಬಾಟಲಿಗಳನ್ನು ಬೇರೆ ಬೇರೆ ಕ್ರೇಟಿಗೆ ತುಂಬುವುದು ನನ್ನ ಕೆಲಸ. ಊರಲ್ಲಿ ಓಡುವುದು ಎರಡೇ ಬಿಯರ್: ಕರಿಟೋಪಿ ಎಡಕ್ಕೆ, ಬಾತುಕೋಳಿ ಬಲಕ್ಕೆ. ಕರಿಟೋಪಿ ಕುಡಿಯುವವರು ಬಾತುಕೋಳಿಯನ್ನು ಪಾತ್ರೆ ತೊಳೆದ ನೀರು ಎನ್ನುತ್ತಾರೆ. ಬಾತುಕೋಳಿಯವರು ಕರಿಟೋಪಿಯನ್ನು ಕೆಮ್ಮಿನ ಔಷಧಿ ಎನ್ನುತ್ತಾರೆ. ನಾನು ಎರಡನ್ನೂ ಬಾಯಿಗೆ ಹಾಕಿದವಳಲ್ಲ, ವಾಸನೆಯೇ ಸಾಕುಸಾಕಾಗಿದೆ.

ಈ ವರ್ಷ ಕರಿಟೋಪಿಯವರು ಬಸ್ ನಿಲ್ದಾಣದ ಎದುರು ಒಂದು ದೊಡ್ಡ ಜಾಹೀರಾತು ಹಲಗೆ ನಿಲ್ಲಿಸಿದರು. ಹೊಸ್ತಿಲಲ್ಲಿ ಒಬ್ಬ ಹೆಂಗಸು ಕತ್ತು ಮುಂದೆ ಚಾಚಿ ಗಂಡನ ಬಾಯಿ ಮೂಸುತ್ತಿದ್ದಾಳೆ. ಗಂಡ ನಮ್ಮ ಕಡೆ ತಿರುಗಿ ಕಣ್ಣು ಹೊಡೆಯುತ್ತಿದ್ದಾನೆ. ಕೆಳಗೆ ದಪ್ಪಕ್ಷರದಲ್ಲಿ ‘ಅವಳು ಮೂಸಲಿ, ನೀನು ಕುಡಿ’ ಎಂದಿತ್ತು.

ಊರು ಹೊತ್ತಿ ಉರಿಯಿತು. ಎಲ್ಲರಿಗಿಂತ ಮುಂದೆ ಹೋದವರು ನಮ್ಮ ಅತ್ತೆ. ಎಪ್ಪತ್ತು ದಾಟಿದ ಹೆಂಗಸು, ಪೇಂಟರನ ಏಣಿ ಹತ್ತಿ ಆ ಅಕ್ಷರಗಳ ಮೇಲೆ ಕಪ್ಪು ಬಣ್ಣ ಬಳಿದು, “ನಾವೇನು ನಾಯಿಗಳಾ ಮೂಸೋಕೆ?” ಎಂದು ಮೇಲಿನಿಂದಲೇ ಕೂಗಿದರು. ಪತ್ರಿಕೆಯಲ್ಲಿ ಫೋಟೋ ಬಂತು. ಗಂಡಸರೂ ಹಿಂದೆ ಬೀಳಲಿಲ್ಲ. ಡಿಪೋ ಎದುರಿನ ಟೈಲರ್ ಜನ ಸೇರಿಸಿಕೊಂಡು ಎರಡು ಬಾಟಲಿ ಕರಿಟೋಪಿಯನ್ನು ಚರಂಡಿಗೆ ಸುರಿದ. “ಇನ್ಮೇಲೆ ಬಾತುಕೋಳಿನೇ!” ಎಂದು ಎದೆ ತಟ್ಟಿಕೊಂಡ. ಸುರಿಯುವಾಗ ಒಂದಿಷ್ಟೂ ನೊರೆ ಬರಲಿಲ್ಲ. ಬಾಟಲಿಯಲ್ಲಿದ್ದದ್ದು ನೀರೇ ಇರಬೇಕು ಎಂದು ನನಗೆ ಆಗಲೇ ಗುಮಾನಿ.

ಮರುವಾರದಿಂದ ಲೇಬಲ್ ಕಿತ್ತ ಬಾಟಲಿಗಳು ಬರತೊಡಗಿದವು. ಇಲ್ಲಿ ಒಂದು ವಿಷಯ ಹೇಳಬೇಕು. ಎರಡು ಕಂಪನಿಯ ಬಾಟಲಿಯೂ ಒಂದೇ ಬಣ್ಣ, ಒಂದೇ ಎತ್ತರ. ಆದರೆ ಕರಿಟೋಪಿಯವರ ಗಾಜಿನ ತಳದಲ್ಲಿ ಪುಟ್ಟ ಟೋಪಿಯ ಗುರುತು ಒತ್ತಿರುತ್ತದೆ. ಕುಡಿಯುವವರು ತಳ ನೋಡುವುದಿಲ್ಲ. ನಾನು ಹೆಬ್ಬೆರಳು ಆಡಿಸಿದರೆ ಸಾಕು, ಗೊತ್ತಾಗುತ್ತದೆ. ಲೇಬಲ್ಲಿಲ್ಲದ ಅಷ್ಟೂ ಬಾಟಲಿಗಳ ತಳದಲ್ಲಿ ಟೋಪಿ ಇತ್ತು. ಒಂದರ ಲೇಬಲ್ಲನ್ನು ಕತ್ತರಿ ಮೊನೆಯಿಂದ ಕೆರೆದಿದ್ದರು, ಕುತ್ತಿಗೆಗೆ ಬಟ್ಟೆಗೆ ಗೆರೆ ಎಳೆಯುವ ಸೀಮೆಸುಣ್ಣ ಮೆತ್ತಿತ್ತು. ಎದುರಿನ ಅಂಗಡಿ ಕಡೆ ನೋಡಿ ನಕ್ಕೆ. ಟೈಲರ್ ತಲೆ ಬಗ್ಗಿಸಿ ಗುಂಡಿ ಹೊಲಿಯುತ್ತಿದ್ದ.

ಆದರೆ ಗುಜರಿಯವನ ಚೀಲದಲ್ಲಿ ಬಂದ ಒಂದು ಬಾಟಲಿ ನೋಡಿ ನನ್ನ ನಗು ನಿಂತುಹೋಯಿತು. ಅದರ ಲೇಬಲ್ಲನ್ನು ಯಾರೂ ಕೆರೆದಿರಲಿಲ್ಲ. ನೀರಲ್ಲಿ ನೆನೆಸಿ, ಅಂಟು ಕೂಡ ಉಳಿಯದಂತೆ ತೆಗೆದಿದ್ದರು. ಒಳಗೆ ತೊಳೆದು, ಇರುವೆ ಹೋಗದಂತೆ ಬಾಯಿಗೆ ಕಾಗದದ ಸುರುಳಿ ತುರುಕಿದ್ದರು. ಹಾಗೆ ತೊಳೆದು ಕಾಗದ ತುರುಕಿದ ಬಾಟಲಿಗಳು ಹದಿನೈದು ವರ್ಷ ನಮ್ಮ ಮನೆಯ ಹಿತ್ತಲಲ್ಲಿ ಸಾಲಾಗಿ ನಿಂತಿರುತ್ತಿದ್ದವು. ಎಲ್ಲವೂ ನನ್ನ ಗಂಡನವು, ಎಲ್ಲವೂ ಕರಿಟೋಪಿ.

ಅವರು ಮೂರು ವರ್ಷದ ಹಿಂದೆ ಕುಡಿಯುವುದನ್ನು ಬಿಟ್ಟರು. ಬಿಟ್ಟೆ ಎಂದು ಹೇಳಿದರು ಎನ್ನುವುದು ಸರಿ. ಅವರು ಕುಡಿದು ಲಾರಿಯನ್ನು ಗೋಡೆಗೆ ಗುದ್ದಿದ ದಿನ ನಾನು ಮನೆ ಬಿಟ್ಟು ಅಣ್ಣನ ಮನೆಗೆ ಹೋಗಿದ್ದೆ. ಇನ್ನೊಂದು ಸಲ ಹೀಗಾದರೆ ವಾಪಸ್ ಬರುವುದಿಲ್ಲ ಎಂದು ಹೇಳಿಯೇ ಬಂದವಳು. ಆಮೇಲೆ ಅವರಿಗೆ ಶಾಲೆಯ ವ್ಯಾನ್ ಓಡಿಸುವ ಕೆಲಸ ಸಿಕ್ಕಿತು. ಬಾಯಲ್ಲಿ ಒಂದು ದಿನ ವಾಸನೆ ಬಂದರೂ ಕೆಲಸವಿಲ್ಲ ಎಂದು ಹೆಡ್ ಮೇಡಂ ಮೊದಲೇ ಹೇಳಿದ್ದರು. ಅಂದಿನಿಂದ ದಿನಾ ಸಂಜೆ ಅವರು ಹೊಸ್ತಿಲಲ್ಲಿ ಬ್ಯಾಗು ಇಟ್ಟು, ನಾನು ಕೇಳುವ ಮೊದಲೇ ನನ್ನ ಮುಖಕ್ಕೆ “ಹಾ…” ಎಂದು ಉಸಿರು ಬಿಟ್ಟು, “ಪಾಸಾ, ಫೇಲಾ?” ಎನ್ನುತ್ತಾರೆ. “ಪಾಸು” ಎನ್ನುತ್ತೇನೆ. ಇಬ್ಬರೂ ನಗುತ್ತೇವೆ. ಹಲಗೆಯ ಮೇಲಿನ ಆ ಹೆಂಗಸನ್ನು ನೋಡಿದಾಗ ನನಗೆ ಬಂದ ಸಿಟ್ಟು ಉಳಿದವರಿಗೆ ಬಂದ ಸಿಟ್ಟಲ್ಲ.

ಬಾಟಲಿ ಸಿಕ್ಕಿದ ಸಂಜೆಯೂ ಅವರು ಉಸಿರು ಬಿಟ್ಟರು. ಲವಂಗದ ವಾಸನೆ ಬಂತು.

“ಲವಂಗ ಯಾಕ್ರೀ?”

“ಹಲ್ಲು ನೋವು ಕಣೇ.”

ಹಲ್ಲು ನೋವಂತೆ! ನೇರವಾಗಿ ಕೇಳಬಹುದಿತ್ತು. ಕೇಳಿದರೆ ಇಲ್ಲ ಎನ್ನುತ್ತಾರೆ, ಆಮೇಲೆ ಎಚ್ಚರವಾಗುತ್ತಾರೆ ಎಂದು ಸುಮ್ಮನಾದೆ. ಅವರು ಸ್ನಾನಕ್ಕೆ ಹೋದಾಗ ವ್ಯಾನಿನ ಸೀಟು ಎತ್ತಿ ನೋಡಿದೆ. ಸ್ಪಾನರ್ ಪೆಟ್ಟಿಗೆ, ಮಳೆಕೋಟು, ಬೂಟು, ಯಾವುದನ್ನೂ ಬಿಡಲಿಲ್ಲ. ಏನೂ ಸಿಗಲಿಲ್ಲ. ಇಷ್ಟು ಚೆನ್ನಾಗಿ ಬಚ್ಚಿಡಲು ಎಲ್ಲಿ ಕಲಿತರು ಎಂದು ಅನುಮಾನ ಇನ್ನೂ ಬಲವಾಯಿತು.

ಮರುವಾರ ಅಂಥದ್ದೇ ಇನ್ನೊಂದು ಬಾಟಲಿ ಬಂತು. ಮೂರನೇ ವಾರದ ಬಾಟಲಿಯ ಬಾಯಿಂದ ಕಾಗದದ ಸುರುಳಿ ಎಳೆದು ಬಿಡಿಸಿದೆ. ವಾಲಿಕೊಂಡ ಅಕ್ಷರದಲ್ಲಿ ಒಂದು ಪಟ್ಟಿ ಇತ್ತು: ‘ಅಳುಬುರುಕ. ಅವಳಿ ಜವಳಿ. ಟಿಫಿನ್ ಮರೆಯುವವಳು. ಕಿಟಕಿ ಬೇಕು ಅನ್ನುವವನು.’ ವ್ಯಾನಿನ ಮಕ್ಕಳನ್ನು ನನ್ನ ಗಂಡ ಬರೆದುಕೊಳ್ಳುವುದೇ ಹೀಗೆ. ಬಾಟಲಿ ನಮ್ಮ ಮನೆಯದೇ. ವ್ಯಾನಿನಲ್ಲಿ ಹದಿನೆಂಟು ಮಕ್ಕಳು.

ಮೇಸ್ತ್ರಿ ಊಟಕ್ಕೆ ಹೋದಾಗ ಡಿಪೋದ ಫೋನಿನಿಂದ ಶಾಲೆಗೆ ಫೋನ್ ಮಾಡಿದೆ. ಬಾಯಿಗೆ ಸೆರಗು ಅಡ್ಡ ಹಿಡಿದು, “ನಿಮ್ಮ ವ್ಯಾನ್ ಡ್ರೈವರ್‌ಗೆ ಬೆಳಿಗ್ಗೆ ಒಂದ್ಸಲ ಊದಿಸಿ ನೋಡಿ” ಎಂದು ಹೇಳಿ ಇಟ್ಟುಬಿಟ್ಟೆ. ಮಕ್ಕಳಿಗೋಸ್ಕರ ಮಾಡಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ನಿಜ. ಸಿಕ್ಕಿಬೀಳಲಿ, ನನ್ನ ಅನುಮಾನ ಸುಳ್ಳಲ್ಲ ಎಂದು ಗೊತ್ತಾಗಲಿ ಎನ್ನುವ ಹಟವೂ ಇತ್ತು.

ಮರುದಿನ ಸಂಜೆ ಅವರು ಬಂದವರು ಉಸಿರು ಬಿಡಲಿಲ್ಲ. ಒಳಗೆ ಹೋಗಿ ತರಕಾರಿ ಹೆಚ್ಚುತ್ತಿದ್ದ ಅತ್ತೆಯ ಪಕ್ಕ ಕೂತರು.

“ಅಮ್ಮ, ಇವತ್ತು ಗೇಟಲ್ಲೇ ನಿಲ್ಲಿಸಿ ಮೆಷಿನ್‌ಗೆ ಊದಿಸಿದ್ರು. ಮಕ್ಕಳು, ಅವರ ಅಪ್ಪ ಅಮ್ಮ, ಎಲ್ಲಾರೂ ನೋಡ್ತಿದ್ರು. ಸೊನ್ನೆ ಬಂತು. ನಮ್ಮ ಅಳುಬುರುಕ ಬಂದು ಕೈ ಹಿಡ್ಕೊಂಡು, ಹುಷಾರಿಲ್ವಾ ಅಂಕಲ್ ಅಂತಾನೆ.”

“ಯಾರು ಹೇಳಿದ್ರಂತೆ?” ಅತ್ತೆಯ ಕೈಯಲ್ಲಿ ಚಾಕು ನಿಂತಿತು.

“ಯಾರೋ ಹೆಂಗಸು ಫೋನ್ ಮಾಡಿದ್ರಂತೆ. ಹಿಂದುಗಡೆ ಬಾಟ್ಲಿ ಸದ್ದು ಕೇಳ್ತಿತ್ತು ಅಂದ್ರು ಮೇಡಂ.”

ನನ್ನ ಕಡೆ ಅವರು ನೋಡಲಿಲ್ಲ. ಎದ್ದು ಹೋಗಿ ವ್ಯಾನ್ ತೊಳೆಯಲು ಶುರು ಮಾಡಿದರು. ಅದನ್ನು ಬೆಳಿಗ್ಗೆಯಷ್ಟೇ ತೊಳೆದಿದ್ದರು.

ಅತ್ತೆ ಕೈ ಒರೆಸಿಕೊಂಡು ಮೂಲೆಗೆ ಹೋದರು. ಅವರ ಹೊಲಿಗೆ ಮೆಷಿನ್ನಿನ ಮರದ ಮುಚ್ಚಳ ಎತ್ತಿ, ಒಳಗಿಂದ ಇನ್ನೂ ತೆರೆಯದ ಕರಿಟೋಪಿ ಬಾಟಲಿ ತೆಗೆದು ನನ್ನ ಮುಂದೆ ಕುಕ್ಕಿದರು.

“ನಂದು. ವಾರಕ್ಕೊಂದು. ಗುಜರಿಯವನೇ ತಂದುಕೊಡ್ತಾನೆ, ಅವನೇ ತಗೊಂಡು ಹೋಗ್ತಾನೆ. ಕಾಲುನೋವಿಗೆ ಅಂತ ಸುಳ್ಳು ಹೇಳಲ್ಲ, ರುಚಿಗೇ ಕುಡಿಯೋದು.”

“ಅತ್ತೆ, ನೀವೇ ಅಲ್ವಾ ಏಣಿ ಹತ್ತಿ ಬಣ್ಣ ಬಳಿದಿದ್ದು?”

“ಜಾಹೀರಾತು ಕೆಟ್ಟದ್ದು ಅಂದೆ. ಬಿಯರ್ ಕೆಟ್ಟದ್ದು ಅಂದ್ನಾ? ಫೋಟೋ ಬಂದ್ಮೇಲೆ ನಾಚಿಕೆ ಆಯ್ತು, ಲೇಬಲ್ ಕೀಳೋಕೆ ಶುರು ಮಾಡಿದೆ. ಕಿತ್ರೆ ನಿಂಗೂ ಗೊತ್ತಾಗಲ್ಲ ಅಂದ್ಕೊಂಡಿದ್ದೆ.”

ಹೌದು, ಲೇಬಲ್ ಇದ್ದಷ್ಟು ದಿನ ಅವರ ಬಾಟಲಿಯನ್ನು ನಾನು ಮುಖ ನೋಡದೆ ಎಡಕ್ಕೆ ಎಸೆಯುತ್ತಿದ್ದೆ.

“ತೊಳೆದು ಕಾಗದ ತುರುಕೋದು ಇವರ ಅಭ್ಯಾಸ ಅಲ್ವಾ?”

“ಅವನು ಯಾವತ್ತೇ ತೊಳೆದಿದ್ದ? ಹದಿನೈದು ವರ್ಷ ಅವನ ಬಾಟ್ಲಿ ತೊಳೆದೋಳು ನಾನು. ಈಗ ತುರುಕೋಕೆ ಅವನು ಬಿಸಾಡಿದ ಚೀಟಿ ಸಿಕ್ತು, ಅಷ್ಟೇ. ನೀನು ಡಿಪೋದಲ್ಲಿ ಇರ್ತಿದ್ದೆ. ದಿನಾ ಅವನ ಬಾಯಿ ಮೂಸ್ತೀಯಲ್ಲ, ನನ್ನ ಬಾಯಿ ಒಂದಿನಾನಾದ್ರೂ ಮೂಸಿದ್ಯಾ?”

“ಇವರಿಗೆ ಗೊತ್ತಾ?” ಎಂದೆ.

“ಎರಡು ವರ್ಷದಿಂದ ಗೊತ್ತು. ಅವಳಿಗೆ ಹೇಳ್ಬೇಡಮ್ಮ, ಮನೇಲಿ ಬಾಟ್ಲಿ ಇದೆ ಅಂದ್ರೆ ನಂದೇ ಅಂದ್ಕೋತಾಳೆ ಅಂದಿದ್ದ.”

ಎರಡು ವರ್ಷ. ಅವರು ಊಟಕ್ಕೆ ಕೂರುವ ಜಾಗದಿಂದ ಕೈ ಚಾಚಿದರೆ ಆ ಮೆಷಿನ್ನಿನ ಮುಚ್ಚಳ ಸಿಗುತ್ತದೆ. ಅದರೊಳಗೆ ಅವರಿಗೆ ಪ್ರಾಣದಂತಿದ್ದ ಅದೇ ಕರಿಟೋಪಿ. ಒಂದು ದಿನವೂ ಮುಟ್ಟಿರಲಿಲ್ಲ. ನನಗೆ ಅಷ್ಟು ನಾಚಿಕೆ ಬದುಕಿನಲ್ಲಿ ಎಂದೂ ಆಗಿರಲಿಲ್ಲ. ಆ ಸಂಜೆ ಅವರ ಹತ್ತಿರ ಹೋಗಲು ಧೈರ್ಯ ಬರಲಿಲ್ಲ.

ಮರುದಿನ ಸಂಜೆ ನಾನು ಮೊದಲೇ ಹೊಸ್ತಿಲಲ್ಲಿ ನಿಂತಿದ್ದೆ. ತಪ್ಪಾಯಿತು ಎನ್ನುವುದನ್ನು ಡಿಪೋದಿಂದ ಮನೆಯವರೆಗೂ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಅವರು ವ್ಯಾನ್ ನಿಲ್ಲಿಸಿ ಬಂದರು, ಬ್ಯಾಗು ಕೆಳಗಿಟ್ಟರು. ಮಾತು ಹೊರಡುವ ಮೊದಲೇ ನನ್ನ ಕತ್ತು ತಾನಾಗಿ ಮುಂದೆ ಚಾಚಿತು. ಅವರು ಅದನ್ನು ನೋಡಿದರು. ತುಟಿ ಬಿಗಿಹಿಡಿದು, ಬ್ಯಾಗು ಮತ್ತೆ ಎತ್ತಿಕೊಂಡು, ನನ್ನನ್ನು ದಾಟಿ ಒಳಗೆ ಹೋದರು.