ಹವಾಲ್ದಾರರ ಬಲಗಾಲು

ಹೆಣದ ಎಡಗಾಲು ಮಡಚಿದ್ದಾಯಿತು. ಸಿದ್ದರಾಮಪ್ಪ ಬಲಗಾಲಿನ ಮಂಡಿಯ ಕೆಳಗೆ ಕೈ ಹಾಕಿ, ಹಲ್ಲು ಕಚ್ಚಿ, ಧಾನ್ಯದ ಮೂಟೆ ಎತ್ತುವವರಂತೆ ಮೈ ಬಿಗಿಮಾಡಿಕೊಂಡು ಒತ್ತಿದರು. ಅಷ್ಟು ಬಲ ಬೇಕಾಗಿರಲಿಲ್ಲ. ಕಾಲು ಸಲೀಸಾಗಿ ಮಡಚಿಕೊಂಡು ಬಂದು ಎಡತೊಡೆಯ ಮೇಲೆ ಕೂತಿತು. ಸಿದ್ದರಾಮಪ್ಪ ಮುಗ್ಗರಿಸಿ ಗೋಡೆ ಹಿಡಿದುಕೊಂಡರು.

"ಶಿವಾನಂದ, ಇದು ಬಲಗಾಲೇ ಹೌದಲ್ಲೋ?"

ಅಪ್ಪನ ಹೆಣದ ಭುಜ ಹಿಡಿದಿದ್ದ ಶಿವಾನಂದ ಬಗ್ಗಿ ನೋಡಿದ. ಬಲಗಾಲೇ. ಮಂಡಿಯ ಪಕ್ಕದಲ್ಲಿ ಗುಂಡು ಹೊಕ್ಕ ಕಲೆ ಹುಣಸೆಬೀಜದಷ್ಟು ದಪ್ಪಗೆ ಕಾಣುತ್ತಿತ್ತು. ಎಪ್ಪತ್ತೊಂದರ ಯುದ್ಧದಿಂದ ಅಪ್ಪ ತಂದದ್ದು ಆ ಕಲೆ, ಒಂದು ಪದಕ, ಮತ್ತು ಎಂದೂ ಮಡಚಲಾಗದ ಈ ಕಾಲು.

ನಸುಕಿನಲ್ಲಿ ಅಪ್ಪನ ಉಸಿರು ನಿಂತಾಗಿನಿಂದ ಅವನನ್ನು ಕಾಡಿದ್ದು ಇದೊಂದೇ ಚಿಂತೆ. ಲಿಂಗಾಯತರಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಪದ್ಮಾಸನ ಹಾಕಿಸಿ, ಅಂಗೈಯಲ್ಲಿ ಲಿಂಗವಿಟ್ಟು, ಕೂತಂತೆಯೇ ಮಣ್ಣು ಮಾಡುತ್ತಾರೆ. ಬೇಗಂ ಬಜಾರಿನಲ್ಲಿ ಪಾತ್ರೆ ಅಂಗಡಿ ಇಟ್ಟುಕೊಂಡಿದ್ದ ಸಿದ್ದರಾಮಪ್ಪ ಹೈದರಾಬಾದಿನ ಲಿಂಗಾಯತರ ಎಷ್ಟೋ ಮನೆಗಳಲ್ಲಿ ಆ ಕೆಲಸಕ್ಕೆ ನಿಂತವರು. ಅವರ ಕೈ ಹಿಡಿದು ಶಿವಾನಂದ ಬೇಡಿಕೊಂಡಿದ್ದ. "ಕಾಲು ಮುರೀಬ್ಯಾಡ್ರಿ. ಮಡಚಲಿಲ್ಲಂದ್ರ ಹಲಗಿ ಕೊಟ್ಟು ಹಂಗೇ ಇಡೋಣ."

ಈಗ ಹಲಗೆ ಗೋಡೆಗೊರಗಿ ನಿಂತಿತ್ತು. ಅದರ ಅಗತ್ಯವೇ ಬೀಳಲಿಲ್ಲ.

ಹಿಮಾಯತ್‌ನಗರದ ಆ ಗಲ್ಲಿಗೆ ಹವಾಲ್ದಾರ್ ಅಮೃತಪ್ಪನವರೆಂದರೆ ಕಾಲು, ಕಾಲೆಂದರೆ ಅಮೃತಪ್ಪನವರು. 'ಮಿಲ್ಟ್ರಿ ತಾತ' ಬಂದರೆಂದು ತೆಲುಗು ಮಕ್ಕಳು ಕ್ರಿಕೆಟ್ ನಿಲ್ಲಿಸಿ ದಾರಿ ಬಿಡುತ್ತಿದ್ದವು. ಅವರೂ ಬರೀ ಗೌರವ ತಿಂದು ಕೂರುವ ಪೈಕಿಯವರಲ್ಲ. ಪ್ರತಿ ಭಾನುವಾರ ಇಡೀ ಗಲ್ಲಿಯ ಮಕ್ಕಳ ಶಾಲೆ ಬೂಟುಗಳಿಗೆ ಪಾಲಿಶ್ ಹಚ್ಚಿ ಸಾಲಾಗಿ ಇಡುವುದು ಅವರ ಚಟ. ಮಗನಿಗೆ ಸೈಕಲ್ ಕಲಿಸಿದ್ದು ಕಟ್ಟೆಯ ಮೇಲೆ ಕಾಲು ಚಾಚಿ ಕೂತು, ಕವಾಯತಿನ ಹುಕುಂ ಕೊಡುತ್ತ. ಅವನು ಬಿದ್ದಾಗ ಎಲ್ಲರಿಗಿಂತ ದೊಡ್ಡದಾಗಿ ನಕ್ಕವರೂ ಅವರೇ, ಆಮೇಲೆ ಮಂಡಿಗೆ ಅರಿಶಿಣ ಮೆತ್ತಿದವರೂ ಅವರೇ. ರಕ್ಷಣಾ ಕಾರ್ಖಾನೆಯಲ್ಲಿ ಅವರಿಗೆ ಕೂತು ಮಾಡುವ ಕೆಲಸ ಸಿಕ್ಕಿದ್ದು ಆ ಕಾಲಿನ ಕಾರಣಕ್ಕೇ. ಪೂಜೆ ಬೆಂಚಿನ ಮೇಲೆ, ಊಟ ಕುರ್ಚಿಯ ಮೇಲೆ. ಅವರ ತೊಡೆಯ ಮೇಲೆ ಕೂತ ನೆನಪು ಮಾತ್ರ ಮಗನಿಗಿಲ್ಲ.

ಆರನೇ ಕ್ಲಾಸಿನಲ್ಲಿ ಒಬ್ಬ ಹುಡುಗ 'ಲಂಗ್ಡೇ ಕಾ ಬೇಟಾ', ಕುಂಟನ ಮಗ ಅಂದಿದ್ದ. ಶಿವಾನಂದ ಅವನ ಮುಂದಿನ ಹಲ್ಲು ಮುರಿದಿದ್ದ. ಆ ಸಂಜೆ ಅಪ್ಪ ಬೈಯಲಿಲ್ಲ, ಹೊಗಳಲೂ ಇಲ್ಲ, ತಟ್ಟೆಯಲ್ಲಿ ಕೈಯಾಡಿಸುತ್ತ ಕೂತು ಊಟ ಬಿಟ್ಟೆದ್ದರು. ಮಗನ ಪ್ರೀತಿಗೆ ಅವರ ಕರುಳು ಕಿತ್ತುಬಂತೆಂದು ಅವನು ಇಷ್ಟು ವರ್ಷ ತಿಳಿದಿದ್ದ.

"ನಾ ಭಾಳ ಮಂದೀನ್ನ ಕೂಡಿಸೀನಿ," ಸಿದ್ದರಾಮಪ್ಪ ದನಿ ತಗ್ಗಿಸಿದರು. "ಮೂವತ್ತು ವರ್ಷ ಮಡಚದ ಕಾಲು ಹಿಂಗ ಬರಂಗಿಲ್ಲಪ. ಇದು ದಿನಾ ಮಡಚಿದ ಕಾಲು."

ಹೊರಗೆ ಶಾಮಿಯಾನದ ಕೆಳಗೆ ಗಲ್ಲಿಯೇ ನೆರೆದಿತ್ತು. ಎಲ್ಲರ ಮುಂದೆ ಪುಷ್ಪಚಕ್ರ ಹಿಡಿದು ಮಲ್ಲಪ್ಪ ನಿಂತಿದ್ದರು. ಅವರೂ ನಿವೃತ್ತ ಸೈನಿಕರು. ಪ್ರತಿ ಆಗಸ್ಟ್ ಹದಿನೈದಕ್ಕೆ ಬಾವುಟದ ಕೆಳಗೆ ಅಮೃತಪ್ಪನವರ ಕಾಲಿನ ಕಥೆ ಹೇಳುತ್ತಿದ್ದವರು. ಇವತ್ತೂ ಎರಡು ಮಾತಾಡುತ್ತೇನೆ ಎಂದಿದ್ದರು. ಬಾಗಿಲು ತೆಗೆದರೆ ಅಪ್ಪನ ಹೆಸರು ಇಲ್ಲಿಗೆ ಮುಗಿಯಿತು. ಅಪ್ಪನ ಮೇಲೆ ಶಿವಾನಂದನಿಗೆ ಹುಟ್ಟಿದಾಗಿನಿಂದ ಎಂದೂ ಬಾರದಂಥ ಸಿಟ್ಟು ಬಂತು, ಮರುಗಳಿಗೆಗೆ ಸತ್ತವರ ಮೇಲೆ ಸಿಟ್ಟಾದೆನಲ್ಲಾ ಎಂದು ನಾಚಿಕೆಯೂ ಆಯಿತು.

"ಕಾಲು ಚಾಚಿಸ್ರಿ," ಅಂದ. "ಮಲಗಿಸೇ ಒಯ್ಯೋಣ. ಮಡಚಲಿಲ್ಲ ಅಂತ ಹೇಳಿದ್ರಾತು."

"ಲಿಂಗವಂತರನ್ನ ಮಲಗಿಸಿ ಒಯ್ಯೋದೇನಪ?"

"ಕೈ ಮುಗೀತೀನ್ರಿ. ಅವ್ವಗ ಗೊತ್ತಾಗೂದರೊಳಗ ಚಾಚಿಸ್ರಿ."

ಸಿದ್ದರಾಮಪ್ಪ ಅರೆಮನಸ್ಸಿನಿಂದ ಮತ್ತೆ ಬಗ್ಗಿದರು. ಅಷ್ಟರಲ್ಲಿ ಅಡುಗೆಮನೆ ಕಡೆಯ ಬಾಗಿಲು ಸರಿಯಿತು. ವಿಭೂತಿ ಗಟ್ಟಿ ಹಿಡಿದುಕೊಂಡು ಬಸಲಿಂಗಮ್ಮ ಒಳಗೆ ಬಂದಳು. ಶಿವಾನಂದ ತಾಯಿಗೂ ಹೆಣಕ್ಕೂ ನಡುವೆ ಅಡ್ಡ ನಿಂತ.

"ಅವ್ವ, ನೀ ಈಗ ಬರಬ್ಯಾಡ."

ಅವಳು ಅವನನ್ನು ಸರಿಸಲಿಲ್ಲ, ಬಗ್ಗಿ ಪಕ್ಕದಿಂದ ನೋಡಿದಳು. ಬಹಳ ಹೊತ್ತು ನೋಡಿದಳು. ಅವಳ ಮುಖ ಬದಲಾಗಲಿಲ್ಲ.

"ಮುಚ್ಚಬ್ಯಾಡಪ. ನನಗ ಗೊತ್ತೈತಿ."

"ಏನ್ ಗೊತ್ತೈತಿ?"

"ದವಾಖಾನಿಯಿಂದ ಬಂದ ವರ್ಷನ ಗೊತ್ತಾತು. ನಿದ್ದಿ ಹತ್ತಿದ ಮ್ಯಾಲೆ ಕೂಸಿನಂಗ ಎರಡೂ ಕಾಲು ಹೊಟ್ಟಿಗೆ ಹಚ್ಚಿಕೊಂಡು ಮಲಗತಿದ್ರು. ಎಚ್ಚರಾದಾಗ ಅದನ್ನ ನೋಡಿಕೊಂಡ್ರ ನನ್ನ ಮಾರಿ ನೋಡಾಕ ಅಂಜತಾರಂತ, ದಿನಾ ಅವರಿಗಿಂತ ಮೊದಲ ಎದ್ದು ಆ ಕಾಲು ಚಾಚಿಸಿ ಇಡತಿದ್ದೆ."

ಶಿವಾನಂದ ಗೋಡೆಗೆ ಬೆನ್ನು ಹಚ್ಚಿ ಕೂತ. ಅಪ್ಪನ ಸುಳ್ಳಿಗಿಂತ ಇದು ಅವನನ್ನು ಹೆಚ್ಚು ಹೆದರಿಸಿತು. ತಾನು ಬೆಳೆದ ಮನೆಯಲ್ಲಿ ಪ್ರತಿ ಬೆಳಿಗ್ಗೆ, ತಾನು ಹಾಸಿಗೆಯಲ್ಲಿರುವಾಗಲೇ, ಇದು ನಡೆದಿತ್ತು.

"ನಿನಗ ಗೊತ್ತೈತಿ ಅನ್ನೋದು ಅಪ್ಪಗ ಗೊತ್ತಿತ್ತೇನು?"

"ನಾ ಕೇಳಲಿಲ್ಲ. ಅವರೂ ಹೇಳಲಿಲ್ಲ."

"ಯಾಕ ಹಂಗ ಮಾಡಿದ್ರವ್ವ?"

"ಮತ್ತ ಯುದ್ಧಕ್ಕ ಕರಸತಾರಂತ ಅಂಜಿದ್ರು. ಕನಸಿನ್ಯಾಗ ಒದರತಿದ್ರು. ನೀ ಆಗ ಹಾಲು ಕುಡಿಯೋ ಕೂಸು." ಬಸಲಿಂಗಮ್ಮ ಗಂಡನ ಹಣೆಗೆ ವಿಭೂತಿ ಎಳೆದಳು. "ಒಂದೆರಡ ವರ್ಷ ಕಳದ ಮ್ಯಾಲೆ ಆ ನಾಟಕ ಬಿಡತಿದ್ರೇನೋ. ನೀವೆಲ್ಲಾ ಆ ಕಾಲಿಗೆ ಎಷ್ಟ ಮರ್ಯಾದಿ ಕೊಟ್ರಿ. ಬಿಡೂದು ಹೆಂಗ?"

ಹೊರಗಿನಿಂದ ಯಾರೋ ಬಾಗಿಲು ತಟ್ಟಿದರು. ಹೊತ್ತಾಯಿತು ಎಂದರು. ಶಿವಾನಂದ ಎದ್ದು ತಾಯಿಯ ಕೈ ಹಿಡಿದುಕೊಂಡ.

"ಮಂದಿ ಏನಂತಾರವ್ವ? ಮಲ್ಲಪ್ಪನವರು ಏನಂತಾರ? ಒಂದ ದಿನದ ಮಾತು. ಮಲಗಿಸಿ ಕಳಿಸೋಣ."

"ಮೂವತ್ತು ವರ್ಷ ಚಾಚಿಕೊಂಡೇ ಇದ್ರು," ಅಂದಳು ಅವಳು. "ಮಣ್ಣಾಗೂ ಚಾಚಿಕೊಂಡೇ ಇರಬೇಕೇನು?"

ಶಿವಾನಂದ ತಾಯಿಯ ಕೈ ಬಿಟ್ಟ. ಸಿದ್ದರಾಮಪ್ಪ ಅಮೃತಪ್ಪನವರ ಅಂಗೈಯಲ್ಲಿ ಲಿಂಗವಿಟ್ಟರು. ಬಸಲಿಂಗಮ್ಮ ಪಕ್ಕದಲ್ಲಿ ಕೂತು ಆ ಬಲಮಂಡಿಯ ಮೇಲೆ ಕೈ ಇಟ್ಟು, ಮಗನ ಕಡೆ ನೋಡಿದಳು. ಶಿವಾನಂದ ಹೋಗಿ ಚಿಲಕ ತೆಗೆದ.

"ಬರ್ರಿ ಮಲ್ಲಪ್ಪಾರ," ಅಂದಳು ಅವಳು. "ಕೂತಾರ."

ಮಲ್ಲಪ್ಪ ಒಂದು ಕಾಲು ಹೊಸ್ತಿಲ ಒಳಗಿಟ್ಟು ಅಲ್ಲೇ ನಿಂತುಬಿಟ್ಟರು. ಪುಷ್ಪಚಕ್ರವನ್ನು ಎದೆಗೊತ್ತಿ ಹಿಡಿದಿದ್ದರು, ಕಣ್ಣು ಮಂಡಿಯ ಮೇಲಿತ್ತು. ಅವರ ಬೆನ್ನ ಹಿಂದೆ, ಒಳಗೆ ಕಾಣದವರು ತುದಿಗಾಲಲ್ಲಿ ನಿಂತು, ಏನಾಯಿತೆಂದು ತಿಳಿಯದೆ, "ಏಮೈಂದಿ? ಏಮೈಂದಿ?" ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರು. ಬಸಲಿಂಗಮ್ಮ ಕೈ ತೆಗೆಯಲಿಲ್ಲ.