ಸಂದಿನಲ್ಲಿ ಒಂದು ಕಾರ್ಡು

"ನೋಡೋ ಬೋಳಿಮಗನೆ, ಕಣ್ಣು ಬಿಟ್ಟು ನೋಡು! ನನ್ನ ಕಾರ್ಡು ಒಳಗೆ ಹೋಗ್ತಾ ಇದೆ!"

ಮಾಲೀಕ ತನ್ನ ಹೆಸರು ಅಚ್ಚಾಗಿದ್ದ ದಪ್ಪ ಕಾರ್ಡನ್ನು ಬಾಗಿಲ ಬಲಮೂಲೆಯ ಸಂದಿಗೆ ಒತ್ತಿ ತೂರಿಸಿ, ನನ್ನ ಮಾವನ ಮುಖದ ಹತ್ತಿರ ಮುಖ ತಂದು ಕೂಗಿದ. ಮಾವ ಎಂದರೆ ನನ್ನ ಗಂಡನ ಅಪ್ಪ. ವಯಸ್ಸು ಅರವತ್ತೆರಡು, ಅದರಲ್ಲಿ ಐವತ್ತು ವರ್ಷ ಗರಗಸ ಹಿಡಿದೇ ಕಳೆದಿದ್ದರು. ಬಾಗಿಲ ಚೌಕಟ್ಟಿನ ಸುತ್ತ, ಅದು ಗೋಡೆಗೆ ಸೇರುವ ಜಾಗ ಮುಚ್ಚುವ ಬೀಡಿಂಗ್ ಪಟ್ಟಿ ಕೂರಿಸುವುದು ಅವರ ಕೆಲಸ. ಅದಕ್ಕೆ ಸ್ಯಾಂಡ್‌ಪೇಪರ್ ಉಜ್ಜಿ, ಸಂದು ಕಂಡಲ್ಲಿ ಪುಟ್ಟಿ ತುಂಬುವುದು ನನ್ನ ಕೆಲಸ. ಮೇಲಿನ ಅಡ್ಡಪಟ್ಟಿಯನ್ನೂ ಪಕ್ಕದ ನಿಲುವು ಪಟ್ಟಿಯನ್ನೂ ಓರೆಯಾಗಿ ಕೊಯ್ದು ಮೂಲೆಯಲ್ಲಿ ಕೂಡಿಸುತ್ತಾರಲ್ಲ, ಮಾವ ಕೂಡಿಸಿದ ಮೂಲೆಯಲ್ಲಿ ಕೂದಲೂ ತೂರುತ್ತಿರಲಿಲ್ಲ. ಹೀಗಾದರೆ ನನ್ನ ಪುಟ್ಟಿ ಯಾರು ತಿನ್ನಬೇಕು ಮಾವಾ ಎಂದು ನಾನೇ ರೇಗಿಸುತ್ತಿದ್ದೆ.

"ನಿನ್ನೆ ಸರಿಯಿತ್ತು ಧಣಿ," ಎಂದರು ಮಾವ. "ನಿನ್ನೆ ಸಂದು ಇರ್ಲಿಲ್ಲ."

"ಮತ್ತೆ ನಾನು ಬಂದು ಅಗಲ ಮಾಡಿದ್ನೇನೋ? ನಾಲ್ಕು ಗಂಟೆಗೆ ಅಧಿಕಾರಿ ಬರ್ತಾರೆ, ಕಟ್ಟಡ ಗಟ್ಟಿ ಇದೆ ಅಂತ ಸಹಿ ಹಾಕೋಕೆ. ಬಂದವರು ಮೊದ್ಲು ನೋಡೋದೇ ಬಾಗಿಲು. ನಿನ್ನ ಈ ದರಿದ್ರ ಬಾಗಿಲು!"

ನಾನು ಬಾಯಿ ತೆರೆದೆ. ಮಾವ ಕಣ್ಣಲ್ಲೇ ಸುಮ್ಮನಿರು ಎಂದರು.

"ಎತ್ತು ಎರಡೂ ಕೈ. ಆ ಕಾರ್ಡು ಹಿಡ್ಕೋ. ನಾನು ಮೇಲೆ ನೋಡ್ಕೊಂಡು ಬರೋವರೆಗೂ ಹಿಡ್ಕೊಂಡೇ ನಿಂತಿರು. ಕೈ ಇಳಿಸಿದ್ಯೋ, ಸೊಸೇನೂ ಕರ್ಕೊಂಡು ಗಂಟುಮೂಟೆ ಕಟ್ಟು."

ಬಾಗಿಲು ಏಳಡಿ ಎತ್ತರ. ಮಾವ ಕುಳ್ಳು. ಪಾಠ ಒಪ್ಪಿಸದ ಹುಡುಗನಂತೆ ತುದಿಗಾಲಲ್ಲಿ ನಿಂತು, ಎರಡೂ ಕೈ ಎತ್ತಿ, ಆ ಕಾರ್ಡಿನ ಅಂಚನ್ನು ಬೆರಳ ತುದಿಯಲ್ಲಿ ಹಿಡಿದುಕೊಂಡರು. ಅವರ ಅಂಗಿ ಮೇಲೆ ಸರಿದು ಒಣಗಿದ ಹೊಟ್ಟೆ ಕಾಣುತ್ತಿತ್ತು. ನಾನು ಆ ಕಡೆ ನೋಡಲಾರದೆ ಗೋಡೆಗೆ ಮುಖ ಮಾಡಿ, ಉಜ್ಜಿದ್ದನ್ನೇ ಉಜ್ಜುತ್ತ ಕೂತೆ. ನಮ್ಮವರ ಮಾನ ಹೋಗುವುದನ್ನು ನೋಡದಿರುವುದು ನಮ್ಮಲ್ಲಿ ಎಲ್ಲರಿಗೂ ಅಭ್ಯಾಸ.

ಅರ್ಧ ಗಂಟೆಯಾಗಿರಬೇಕು.

"ಸಡಿಲಾಯ್ತು ಕಣಮ್ಮ," ಎಂದರು ಮಾವ, ಮೆಲ್ಲಗೆ.

"ಕೈ ಸೋತಿರುತ್ತೆ ಮಾವಾ. ಅವನು ಮೇಲಿದ್ದಾನೆ, ಒಂದು ಗಳಿಗೆ ಇಳಿಸಿ."

"ಕೈಯಲ್ಲ, ಕಾರ್ಡು. ಆಗ ಎಳೆದ್ರೂ ಬರ್ತಿರ್ಲಿಲ್ಲ. ಈಗ ನೋಡು."

ಬೆರಳು ಬಿಟ್ಟರು. ಕಾರ್ಡು ತಾನಾಗಿ ಜಾರಿ ನನ್ನ ಪಾದದ ಮೇಲೆ ಬಿತ್ತು. ಮಾವ ಅದನ್ನು ಎರಡಾಗಿ ಮಡಚಿ ಮತ್ತೆ ತೂರಿಸಿದರು. ಆರಾಮವಾಗಿ ಒಳಗೆ ಹೋಯಿತು.

ಮಾವ ಮೂಲೆ ಅಂದರೆ ತೊಂಬತ್ತು ಡಿಗ್ರಿ ಎಂದು ಕಣ್ಣುಮುಚ್ಚಿ ಕೊಯ್ಯುವವರಲ್ಲ. ಮಡಚುವ ಅಳತೆಗೋಲನ್ನು ಮೂಲೆಗೆ ಒತ್ತಿ, ಅಲ್ಲಿ ನಿಜವಾಗಿ ಎಷ್ಟು ಕೋನ ಇದೆಯೋ ಅಷ್ಟನ್ನೇ ತಂದು ಹಲಗೆಯ ಮೇಲೆ ಗೆರೆ ಹಾಕುತ್ತಾರೆ. ಅದನ್ನು ಸರಿಯಾಗಿ ಅರ್ಧ ಮಾಡಿ, ಮೊದಲು ಚೂರು ಮರದಲ್ಲಿ ಕೊಯ್ದು ನೋಡಿ, ಆಮೇಲೆ ಪಟ್ಟಿಗೆ ಗರಗಸ ಇಡುತ್ತಾರೆ. ನಿನ್ನೆಯ ಗೆರೆ ಹಲಗೆಯ ಮೇಲೆ ಹಾಗೇ ಇತ್ತು. ಅಳತೆಗೋಲನ್ನು ಮತ್ತೆ ಮೂಲೆಗೆ ಹಿಡಿದು, ತಂದು ಆ ಗೆರೆಯ ಮೇಲಿಟ್ಟರು. ಕೂಡಲಿಲ್ಲ. ಇನ್ನೊಮ್ಮೆ ಹಿಡಿದರು. ಕೂಡಲಿಲ್ಲ. ಬಾಗಿಲನ್ನು ತಳ್ಳಿ ನೋಡಿದರೆ ಬೆಳಿಗ್ಗೆ ಬೆರಳಲ್ಲಿ ಮುಚ್ಚುತ್ತಿದ್ದದ್ದು ಈಗ ಚೌಕಟ್ಟಿಗೆ ತಿಕ್ಕಿ ಕಿರುಗುಟ್ಟಿತು.

"ಮರ ಅಲ್ಲಮ್ಮ," ಎಂದರು. "ಗೋಡೆ ನಡೀತಾ ಇದೆ."

ನಾವಿದ್ದದ್ದು ಮೂರನೇ ಮಹಡಿ. ನಾಲ್ಕು ದಿನದ ಹಿಂದೆ ನೆಲಮಹಡಿಯ ನಡುಗಂಬವನ್ನು ಒಡೆಸಿ ಹಾಕಿದ್ದರು, ಅಂಗಡಿ ಅಗಲವಾಗಿ ಕಾಣಬೇಕಂತೆ. ಕಂಬದ ಜಾಗದಲ್ಲಿ ನಾಲ್ಕು ಕಬ್ಬಿಣದ ಪೈಪು ನಿಲ್ಲಿಸಿದ್ದರು. ಅದರ ಹಿಂದಿನ ಕೋಣೆಯೇ ಕೂಲಿಯವರಾದ ನಮ್ಮೆಲ್ಲರ ಮನೆ, ನಲವತ್ತು ಜನಕ್ಕೆ ಒಂದೇ. ಇಡೀ ರಾತ್ರಿ ಕಾವಲು ಕಾಯುವ ನನ್ನ ಗಂಡ ಆ ಹೊತ್ತಿಗೆ ಅಲ್ಲೇ ಮಲಗಿದ್ದ. ಅವನ ಪಕ್ಕದಲ್ಲಿ ನನ್ನ ಮಗಳು. ಅವಳಿಗೆ ಎರಡು ವರ್ಷ.

ಮೆಟ್ಟಿಲನ್ನು ಹೇಗೆ ಇಳಿದೆನೋ ಗೊತ್ತಿಲ್ಲ. ಕೋಣೆಯ ಶಟರ್ ಪೂರ್ತಿ ಇಳಿದಿತ್ತು. ಕೆಳಗೆ ಬೀಗ. ಗಾರೆ ಮೇಸ್ತ್ರಿ ಹೊರಗೆ ಕುಕ್ಕರುಗಾಲಲ್ಲಿ ಕೂತಿದ್ದ. ಗೇಟಿನ ಹತ್ತಿರ ಮಾಲೀಕನ ಕಡೆಯ ಇಬ್ಬರು ದೊಣ್ಣೆ ಹಿಡಿದು ನಿಂತಿದ್ದರು.

"ಯಾಕಣ್ಣ ಬೀಗ?"

"ಅಧಿಕಾರಿ ಬಂದು ಹೋಗೋವರೆಗೂ ಕೂಲಿಯವ್ರು ಕಣ್ಣಿಗೆ ಬೀಳಬಾರ್ದಂತೆ. ಇಲ್ಲಿ ಸಂಸಾರ ಇದೆ ಅಂತ ಗೊತ್ತಾಗಬಾರ್ದಂತೆ. ನನ್ನೊಬ್ಬನ್ನ ಬಿಟ್ಟು ಎಲ್ರನ್ನೂ ಒಳಗೆ ಹಾಕಿದ್ದಾನೆ. ಕೀಲಿ ಧಣಿ ಜೇಬಲ್ಲಿದೆ."

"ಅಣ್ಣಾ, ಕಟ್ಟಡ ಸರೀತಿದೆ. ಒಡಿ ಬೀಗ!"

"ಮೆತ್ತಗೆ ಮಾತಾಡೇ!" ಮೇಸ್ತ್ರಿಯ ತುಟಿ ಬೆಳ್ಳಗಾಗಿತ್ತು. "ನಂಗೂ ಕಣ್ಣಿದೆ. ಆ ಕೊನೇ ಪೈಪು ನೋಡು, ಬಗ್ಗಿದೆ. ಬೆಳಿಗ್ಗೆನೇ ಧಣಿಗೆ ಹೇಳ್ದೆ, ಕಾಲಲ್ಲಿದ್ದದ್ದು ಕೈಗೆ ತಗೊಂಡ. ಬೀಗ ಮುಟ್ಟಿದ್ರೆ ಆ ಇಬ್ರು ಸುಮ್ನೆ ಬಿಡ್ತಾರಾ? ಅಧಿಕಾರಿ ಬಂದು ಹೋಗ್ಲಿ."

ಒಳಗಿನಿಂದ ನನ್ನ ಮಗಳ ನಗು ಕೇಳಿಸಿತು. ಯಾರೋ ಅವಳನ್ನು ಆಡಿಸುತ್ತಿದ್ದರು. ನಾನು ಶಟರಿಗೆ ಬಾಯಿ ಹಚ್ಚಿ ಗಂಡನನ್ನು ಕರೆದೆ.

"ಏನೇ?" ಎಂದ ನಿದ್ದೆಗಣ್ಣಲ್ಲಿ.

ನಿಜ ಹೇಳಿದರೆ ನಲವತ್ತು ಜನ ಕತ್ತಲಲ್ಲಿ ಒಬ್ಬರನ್ನೊಬ್ಬರು ತುಳಿದುಕೊಂಡಾರು. "ಏನಿಲ್ಲ. ಮಗೂನ ಎತ್ಕೊಂಡೇ ಇರು. ಕೆಳಗಿಳಿಸ್ಬೇಡ," ಎಂದೆ. ಇನ್ನೂ ಏನೋ ಹೇಳಬೇಕಿತ್ತು. ಮೇಲಿನಿಂದ ಮಾಲೀಕ ಕೂಗಿದ: "ಎಲ್ಲಿ ಸತ್ಲು ಆ ಪುಟ್ಟಿಯವಳು?"

ಹೋಗಿ ಪುಟ್ಟಿ ತುಂಬಿದೆ. ಅರ್ಧ ನೆಲದ ಪಾಲಾಯಿತು. ಮೂಲೆ ನಯವಾಯಿತು, ಬಣ್ಣವೂ ಆಯಿತು. ಅದು ಒಣಗುವುದಕ್ಕೆ ಮೊದಲೇ ಅದರ ನಡುವೆ ಕೂದಲಿನಂಥ ಗೆರೆಯೊಂದು ಎದ್ದಿತು. ನಾನು ಹೆಬ್ಬೆರಳಿಂದ ಒರೆಸಿದೆ. ಮತ್ತೆ ಎದ್ದಿತು.

ಅಧಿಕಾರಿ ಸರಿಯಾಗಿ ನಾಲ್ಕಕ್ಕೆ ಬಂದ. ಪೆನ್ನು ಕೈಯಲ್ಲೇ ಇತ್ತು. ಮಾಲೀಕನೊಂದಿಗೆ ನಾವಿದ್ದ ಮೂರನೇ ಮಹಡಿಯ ಕೋಣೆಗೆ ಬಂದು ಕಿಟಕಿಯ ನೋಟ ಹೊಗಳಿ, ಹಿಂದಿರುಗುವಾಗ ಬಾಗಿಲ ಮೂಲೆಯನ್ನು ನೋಡಿದ.

"ಇದೇನ್ರೀ, ಹೊಸಾ ಬಾಗಿಲಿಗೇ ಬಿರುಕು?"

"ಮರ ಸಾರ್, ಮರ!" ಮಾಲೀಕ ನಕ್ಕ. "ಈ ಮುದಿಯನಿಗೆ ಕಣ್ಣೂ ಇಲ್ಲ, ಕೈಯೂ ಇಲ್ಲ. ಏನೋ ಪಾಪ ಅಂತ ಇಟ್ಕೊಂಡಿದೀನಿ. ಹೇಳೋ, ಯಾರ ತಪ್ಪು?"

ಮಾವ ತಲೆ ತಗ್ಗಿಸಿದರು. "ನಂದೇ ಧಣಿ."

ನನಗೆ ಅಳು ಬಂತು. ಐವತ್ತು ವರ್ಷದ ಹೆದರಿಕೆ ಆ ಬಾಯಲ್ಲಿ ಮಾತಾಡಿತ್ತು. ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದ. ಆಗ ಬೆನ್ನ ಹಿಂದೆ ಮಾವನ ಕೈ ನನ್ನ ಕೈಯನ್ನು ಹುಡುಕಿ, ಅಗಲವಾದ ಉಳಿಯನ್ನು ಅದರೊಳಗೆ ಇಟ್ಟು ಒತ್ತಿತು.

ನಾನು ಯೋಚಿಸಲಿಲ್ಲ. ಯೋಚಿಸಿದ್ದರೆ ಖಂಡಿತ ಮಾಡುತ್ತಿರಲಿಲ್ಲ. ಎಡಗಡೆಯ ನಿಲುವು ಪಟ್ಟಿಯ ಹಿಂದೆ ಉಳಿ ತೂರಿಸಿ ಮೈಭಾರ ಹಾಕಿ ಮೀಟಿದೆ. ಮೊಳೆಗಳ ಸಮೇತ ಪಟ್ಟಿ ಕಿತ್ತು ಬಂತು. ಅದರ ಹಿಂದೆ ಚೌಕಟ್ಟಿಗೂ ಗೋಡೆಗೂ ನಡುವೆ ನನ್ನ ನಾಲ್ಕು ಬೆರಳು ಹೋಗುವಷ್ಟು ಸೀಳು. ಆಚೆ ಕೋಣೆಯ ಬೆಳಕು ಕಾಣುತ್ತಿತ್ತು.

"ಏಯ್ ಸೂಳೆ!" ಎಂದ ಮಾಲೀಕ.

ಅಧಿಕಾರಿ ಬಾಗಿಲ ಕಡೆ ತಿರುಗಿದ. ಅವನು ಹೋದರೆ ಮಾಲೀಕನೂ ಹೋಗುತ್ತಾನೆ, ಕೀಲಿಯೂ ಹೋಗುತ್ತದೆ. ನಾನು ಓಡಿ ಬಾಗಿಲನ್ನು ಬೆನ್ನಿನಿಂದ ಗುದ್ದಿ ಮುಚ್ಚಿದೆ. ಅದು ಕಿರುಚಿಕೊಂಡು ಚೌಕಟ್ಟನ್ನು ಕಚ್ಚಿ ಕೂತಿತು.

"ಕೀಲಿ ಕೊಡು," ಎಂದೆ. "ಕೆಳಗಿನ ಕೋಣೆ ಕೀಲಿ. ನಲವತ್ತು ಜನ ಇದಾರೆ ಒಳಗೆ, ನನ್ನ ಮಗು ಇದೆ."

ಮಾಲೀಕ ಕೈ ಎತ್ತಿ ಬಂದ. ಆಗ ಗೋಡೆಯ ಒಳಗಿನಿಂದ ಟಕ್ ಎಂದು ಒಂದು ಸದ್ದು ಬಂತು, ಕೋಲು ಮುರಿದಷ್ಟೇ. ಎತ್ತಿದ ಕೈ ಅಲ್ಲೇ ನಿಂತಿತು.

"ಕೊಡ್ರೀ ಕೀಲೀನ!" ಅಧಿಕಾರಿಯ ದನಿ ಹೆಣ್ಣುಮಕ್ಕಳ ದನಿಗಿಂತ ಸಣ್ಣಗಾಗಿತ್ತು.

ಮಾಲೀಕ ಜೇಬಿನಿಂದ ತೆಗೆದುಕೊಟ್ಟ ಕೀಲಿಯನ್ನು ಕಿಟಕಿಯಿಂದ ಎಸೆದೆ. "ಮೇಸ್ತ್ರಿ ಅಣ್ಣಾ, ತೆಗಿ! ಎಲ್ರನ್ನೂ ಹೊರಗೆ ಕಳ್ಸು!" ದೊಣ್ಣೆಯವರು ಅದಾಗಲೇ ಗೇಟು ದಾಟಿ ಓಡಿದ್ದರು. ಶಟರ್ ಎದ್ದ ಸದ್ದು ಕೇಳಿಸಿತು. ತಲೆಗಳು ಬಂದವು, ಒಂದರ ಹಿಂದೊಂದು, ಮುಗಿಯುವುದೇ ಇಲ್ಲವೇನೋ ಎನ್ನುವಂತೆ. ಕೊನೆಗೆ ನನ್ನ ಗಂಡ. ಹೆಗಲ ಮೇಲೆ ಮಗಳು. ಅವನು ನಿಂತು ಮೇಲೆ ನೋಡಿದ. ಮಗಳು ನನಗೆ ಕೈ ಬೀಸಿದಳು.

"ಓಡೋ!" ಎಂದು ಚೀರಿದೆ. "ನಿಂತ್ಕೋಬೇಡ್ವೋ, ಓಡು!"

ಅವನು ಓಡಿದ.

ತಿರುಗಿ ನೋಡಿದರೆ ಮಾಲೀಕನೂ ಅಧಿಕಾರಿಯೂ ಸೇರಿ ಬಾಗಿಲ ಹಿಡಿಯನ್ನು ಎಳೆಯುತ್ತಿದ್ದರು. ಬಾಗಿಲು ಮಿಸುಕಲಿಲ್ಲ. ಮೇಲಿನಿಂದ ಸುಣ್ಣದ ಪುಡಿ ಉದುರುತ್ತಿತ್ತು. ಸಾಯುತ್ತೇನೆ ಎಂದು ನನಗೆ ಸ್ಪಷ್ಟವಾಗಿ ಗೊತ್ತಾಯಿತು.

"ಏನಾದ್ರೂ ಮಾಡಪ್ಪ," ಎಂದ ಮಾಲೀಕ ಮಾವನಿಗೆ. "ನೀನು ದೊಡ್ಡವನು. ನಿನ್ನ ಕಾಲಿಗೆ ಬೀಳ್ತೀನಿ."

ಮಾವ ಬಾಗಿಲು ಎಲ್ಲೆಲ್ಲಿ ಕಚ್ಚಿದೆ ಎಂದು ಬೆರಳಾಡಿಸಿ ನೋಡಿದರು. ಸಾಮಾನಿನ ಪೆಟ್ಟಿಗೆಯನ್ನು ಎಡಗಡೆ ಎಳೆದು ಅದರ ಮೇಲೆ ಹತ್ತಿದರು. ಗರಗಸ ಎತ್ತಿಕೊಂಡರು. ಆಮೇಲೆ ಏನೋ ನೆನಪಾದವರಂತೆ ಕೆಳಗಿಳಿದು, ನೆಲದ ಮೇಲೆ ಬಿದ್ದಿದ್ದ ಆ ಕಾರ್ಡನ್ನು ಹೆಕ್ಕಿ, ನಾಲ್ಕು ಮಡಿಕೆ ಮಾಡಿ ಮಾಲೀಕನ ಕೈಗೆ ಕೊಟ್ಟರು.

"ಬಲಮೂಲೆ ಸಂದಿಗೆ ತೂರ್ಸಿ. ಎರಡೂ ಕೈ ಎತ್ತಿ ಹಿಡ್ಕೊಂಡೇ ನಿಂತಿರಿ. ಸಡಿಲಾದ್ರೆ ಹೇಳಿ."

ಮಾಲೀಕ ಎರಡೂ ಕೈ ಎತ್ತಿದ. ಅವನ ಅಂಗಿ ಮೇಲೆ ಸರಿದು ಹೊಟ್ಟೆ ಕಾಣಿಸಿತು. ಅಧಿಕಾರಿ ಮೂಲೆಯಲ್ಲಿ ಕೂತು ಏನೋ ಮಣಮಣ ಎನ್ನುತ್ತಿದ್ದ. ನಾನು ಬಾಗಿಲ ಹಿಡಿಯನ್ನು ಒಳಕ್ಕೆ ಎಳೆದು ಹಿಡಿದೆ. ಮಾವ ಬಾಗಿಲು ಕಚ್ಚಿದ ಕಡೆ ಗೆರೆ ಹಾಕಿಕೊಂಡು ಗರಗಸ ಇಟ್ಟರು. ದಿನವೂ ಕೊಯ್ಯುವಷ್ಟೇ ನಿಧಾನವಾಗಿ, ಅಷ್ಟೇ ಉದ್ದುದ್ದ ಎಳೆಯತೊಡಗಿದರು. ಮರದ ಪುಡಿ ನನ್ನ ತಲೆಯ ಮೇಲೆ ಬೀಳುತ್ತಿತ್ತು.

"ಸಡಿಲಾಯ್ತು," ಎಂದ ಮಾಲೀಕ.

ಮಾವ ಗರಗಸ ನಿಲ್ಲಿಸಲಿಲ್ಲ.