ಖಾಕಿ ಬಟ್ಟೆ ಕಟ್ಟಿದ ಮಡಕೆ

ಮಾಗಡಿ ರಸ್ತೆ ಕಡೆಯ ಆ ಚಿತಾಗಾರದಲ್ಲಿ ಅಸ್ಥಿ ಮಡಕೆಗಳ ಮೇಲೆ ಹೆಸರು ಬರೆಯುತ್ತಿರಲಿಲ್ಲ. ಯಾರ ಮಡಕೆ ಯಾವ ಲಾಕರಿನಲ್ಲಿದೆ ಎಂಬುದು ಕಂಪ್ಯೂಟರಿಗೆ ಗೊತ್ತು, ಕಂಪ್ಯೂಟರು ಮಧುಕುಮಾರನಿಗೆ ಗೊತ್ತು. ಸಾವಿನ ಮನೆಗೂ ಹೀರೋ ಎಂಟ್ರಿ ಕೊಡುವ ಆಸಾಮಿ ಅವನು. ಬಾಯಿ ತೆರೆದರೆ ಡೈಲಾಗು.

ಹೋದ ತಿಂಗಳು ಗೋಡೆಗೆ ನೀರಿಳಿದು ಮಡಕೆಗಳನ್ನೆಲ್ಲ ಬೇರೆ ಲಾಕರುಗಳಿಗೆ ಸಾಗಿಸಬೇಕಾಯಿತು. ಮೇಲ್ವಿಚಾರಕ ಮುನಿಯಣ್ಣ ಹೊಸ ನಂಬರುಗಳನ್ನು ಒಂದೊಂದಾಗಿ ಕಂಪ್ಯೂಟರಿಗೆ ಏರಿಸುತ್ತಿದ್ದಾಗಲೇ ಮಧು ಪೆನ್‌ಡ್ರೈವ್ ಸಿಕ್ಕಿಸಿ ಬ್ಯಾಕಪ್ಪಿಗೆ ಕೈಹಾಕಿದ.

"ತಡಿಯೋ, ಮುಗಿಸಿ ಸಾಫ್ಟ್‌ವೇರ್ ಕ್ಲೋಸ್ ಮಾಡ್ತೀನಿ, ಆಮೇಲೆ ಕಾಪಿ ಹೊಡ್ಕೊ. ಇಲ್ಲಾಂದ್ರೆ ಅದರಲ್ಲೇ ಬ್ಯಾಕಪ್ ಬಟನ್ ಐತಲ್ಲ, ಅದನ್ನ ಒತ್ತು."

"ಅದು ಸ್ಲೋ ಅಣ್ಣ. ಓಡ್ತಿರೋ ಕುದುರೆಗೇ ಲಾಳ ಹೊಡಿಯೋನು ನಾನು."

"ಒದಿಸ್ಕೊಂಡಾಗ ಹೇಳು ಮಗಾ ಈ ಡೈಲಾಗ್ನ."

ಫೈಲು ಇಳಿಯಿತು: ಅರ್ಧ ಹೆಸರುಗಳಿಗೆ ಸಾಗಾಟಕ್ಕೆ ಮೊದಲಿನ ಲಾಕರ್ ನಂಬರು, ಅರ್ಧಕ್ಕೆ ನಂತರದ್ದು. ತೆರೆದು ನೋಡುವ ಗೋಜಿಗೆ ಮಧು ಹೋಗಲಿಲ್ಲ. ಮೊನ್ನೆ ಹಾರ್ಡ್‌ಡಿಸ್ಕ್ ಸತ್ತಾಗ ಅದೇ ಕಾಪಿಯನ್ನು ತುಂಬಿದ. ಪರದೆಯ ಮೇಲೆ ಎಲ್ಲ ಹೆಸರೂ ಇದ್ದವು, ಎಲ್ಲ ನಂಬರೂ ಇದ್ದವು. ಕಾಲರ್ ಎತ್ತಿಕೊಂಡು ಟೀಗೆ ಹೋದ.

ಇವತ್ತು ಹೆಗ್ಗನಹಳ್ಳಿಯಿಂದ ಅಣ್ಣಮ್ಮ ಬಂದಳು. ಆಟೊ ಓಡಿಸುತ್ತಿದ್ದ ಮಗ ಮಹದೇವನನ್ನು ಪಶ್ಚಿಮವಾಹಿನಿಯಲ್ಲಿ ಹೊಳೆಗೆ ಬಿಡಬೇಕಿತ್ತು. ಮಧು ಲಾಕರ್ ತೆಗೆದು ಬಿಳಿ ಬಟ್ಟೆ ಕಟ್ಟಿದ ಮಡಕೆಯೊಂದನ್ನು ಟೇಬಲ್ ಮೇಲಿಟ್ಟ.

"ಇದು ನಮ್ದಲ್ಲ ಕಣಪ್ಪ."

"ಕಂಪ್ಯೂಟರ್ ಹೇಳ್ತೈತಮ್ಮ."

"ಅವನ ಖಾಕಿ ಅಂಗಿ ಹರಿದು ನಾನೇ ಬಾಯಿ ಕಟ್ಟಿದ್ದು."

ಖಾಕಿ ಕಟ್ಟಿದ ಮಡಕೆಯನ್ನು ನಿನ್ನೆ ಕೆಂಗೇರಿಯ ಮೋಹನ್ ಕುಮಾರ್ ಒಯ್ದಿದ್ದರು. "ನಾವು ಬಿಳಿ ಪಂಚೆ ತುಂಡು ಕಟ್ಟಿದ್ ನೆನಪು ಸಾರ್," ಎಂದು ಅವರು ಅನುಮಾನಿಸಿದಾಗ, "ಕಂಪ್ಯೂಟರ್ ಒಂದ್ಸಲ ಹೇಳಿದ್ಮೇಲೆ ಯಮನೂ ತಿದ್ದಂಗಿಲ್ಲ," ಎಂದವನು ಮಧುವೇ.

ಮುನಿಯಣ್ಣ ಬಂದು ಮಡಕೆ ನೋಡಿದ, ಮಧುವಿನ ಮುಖ ನೋಡಿದ. "ಫೋನ್ ಮಾಡು," ಎಂದ.

"ಬೆಳಿಗ್ಗೇನೇ ಬಿಟ್ವಿ ಸಾರ್," ಎಂದರು ಮೋಹನ್ ಕುಮಾರ್. "ಸ್ನಾನ ಮುಗಿಸ್ಕೊಂಡು ವಾಪಸ್ ಬರ್ತಾ ಇದೀವಿ. ಯಾಕೆ?"

ಮಧು ಫೋನಿಗೆ ಕೈ ಅಡ್ಡ ಹಿಡಿದ. "ನಿಮ್ ಮಗನ್ನ ಅವ್ರು ನೀರಿಗೆ ಬಿಟ್ಬಿಟ್ಟಿದಾರಮ್ಮ. ತಪ್ಪು ನಂದು."

ಬೈಗುಳಕ್ಕೆ ತಲೆಯೊಡ್ಡಿ ನಿಂತ. ಅಣ್ಣಮ್ಮ ಬೈಯಲಿಲ್ಲ. ಟೇಬಲ್ ಅಂಚು ಹಿಡಿದುಕೊಂಡಳು.

"ಬಿಡೋವಾಗ ಯಾರಾದ್ರೂ ಅತ್ರಂತಾ, ಕೇಳು."

ಮಧು ಕೇಳಿದ.

"ಎಂಥ ಮಾತು ಸಾರ್. ಹೆತ್ತ ತಾಯಿನ ಬಿಡೋವಾಗ ಅಳದೆ ಇರ್ತಾರಾ?"

ಫೋನಿನ ಮಾತು ಅಣ್ಣಮ್ಮನಿಗೂ ಕೇಳಿಸಿತ್ತು. ಅವಳು ಬಿಳಿ ಬಟ್ಟೆಯ ಮಡಕೆಯನ್ನು ಹತ್ತಿರ ಎಳೆದುಕೊಂಡು ಅದಕ್ಕೆ ಸೆರಗು ಹೊದಿಸಿದಳು.

"ಹೇಳಪ್ಪ ಅವ್ರಿಗೆ."

"ಹಲೋ? ಲೈನಲ್ಲಿದೀರಾ ಸಾರ್?"

ಮಧು ಫೋನನ್ನು ಮತ್ತೆ ಕಿವಿಗಿಟ್ಟುಕೊಂಡ.

"ಸಾರ್," ಎಂದ, "ನಿಮ್ಮಮ್ಮ ಇನ್ನೂ ಇಲ್ಲೇ ಇದಾರೆ."